ಭಾನುವಾರ ಬಾರದ ಮಳೆ

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದುಗಡೆ ತಾಡಪಾಲು, ಗೋಣಿಚೀಲ, ಹಗ್ಗ ಮಾರುವ ಪಂಚಾಕ್ಷರಪ್ಪನವರು ಯಾವ ಸಾಮಾನನ್ನೂ ಒಬ್ಬರ ಮಾತು ಕೇಳಿ ಕೊಂಡವರಲ್ಲ. ಹತ್ತು ಜನರನ್ನು ವಿಚಾರಿಸಬೇಕು, ಹತ್ತೂ ಜನ ಹತ್ತು ಥರ ಹೇಳಬೇಕು, ಆಮೇಲೆ ತಮಗೆ ಮೊದಲೇ ಅನ್ನಿಸಿದ್ದನ್ನು ಮಾಡಬೇಕು. ೧೯೯೬ರ ಜುಲೈ ತಿಂಗಳಲ್ಲಿ ಅವರು ಹಾಗೆ ಊರೆಲ್ಲ ವಿಚಾರಿಸಿಕೊಂಡು ತಿರುಗಿದ್ದು ಮಗಳು ಗಂಗಾಶ್ರೀಯ ಓದಿನ ಬಗ್ಗೆ.

ಗಂಗಾಶ್ರೀ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದ್ದಳು, ಫಸ್ಟ್ ಕ್ಲಾಸು. ಪಕ್ಕದ ರಾಜ್ಯದ ಸಮುದ್ರದಂಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಹವಾಮಾನ ಶಾಸ್ತ್ರದ ಎಂ.ಎಸ್ಸಿ.ಗೆ ಅವಳಿಗೆ ಸೀಟು ಸಿಕ್ಕಿತ್ತು. ಎರಡು ವರ್ಷಕ್ಕೆ ಫೀಸು, ಹಾಸ್ಟೆಲು, ಊಟ, ರೈಲು ಚಾರ್ಜು ಎಲ್ಲ ಸೇರಿ ಮೂವತ್ತೆಂಟು ಸಾವಿರ. ಜುಲೈ ಇಪ್ಪತ್ತೈದರೊಳಗೆ ಮೊದಲ ಕಂತಿನ ಡಿ.ಡಿ. ತಲುಪದಿದ್ದರೆ ಸೀಟು ಇನ್ನೊಬ್ಬರ ಪಾಲು. ಇದಿಷ್ಟನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದ್ದ ಕಾಗದವನ್ನು ಪಂಚಾಕ್ಷರಪ್ಪನವರು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ನಾಲ್ಕನೇ ದಿನಕ್ಕೆ ಅದು ಮಡಿಕೆಗಳಲ್ಲಿ ಹರಿಯತೊಡಗಿತು, ಮೂಲೆಗೆ ಯಾರದೋ ಬೆರಳಿನ ಸುಣ್ಣ ಹತ್ತಿತ್ತು.

ಎಲ್ಲರೂ ಕಾಗದ ನೋಡಿದರು, ಎಲ್ಲರೂ ಬಾಯಿ ಹಾಕಿದರು. ಬ್ಯಾಂಕಿನ ಕ್ಯಾಷಿಯರ್, "ಇದರ ಬದ್ಲು ಬಿ.ಎಡ್. ಮಾಡಿಸ್ರೀ, ಒಂದೇ ವರ್ಷ. ಮೇಷ್ಟ್ರಾದ್ರೆ ಎಲ್ಲಿ ಹೋದ್ರೂ ಅನ್ನ ಐತಿ" ಎಂದ. ಔಷಧಿ ಅಂಗಡಿಯವನು, "ಟೀವಿಯಾಗೆ ವಾರ್ತೆ ಆದಮೇಲೆ ಕೋಲು ಹಿಡ್ಕೊಂಡು ಹೇಳ್ತಾರಲ್ಲ, ಅದಾ? ಅವರು ಮಳಿ ಅಂದ ದಿನಾನೇ ನಮ್ಮನೇಲಿ ಹಪ್ಪಳ ಒಣಗಾಕ್ತೀವಿ" ಎಂದು ನಕ್ಕ. ರಿಟೈರಾದ ಹೆಡ್‌ಮಾಸ್ಟರೊಬ್ಬರು ಕನ್ನಡಕ ತೆಗೆದು ಒರೆಸಿ, ಬಹಳ ಯೋಚನೆ ಮಾಡಿದವರಂತೆ, "ಆ ದುಡ್ಡಿಗೆ ಆರು ತೊಲ ಬಂಗಾರ ಬರ್ತತಿ. ಬಂಗಾರ ಹಾಕ್ಕೊಂಡು ಹೋದ ಹುಡುಗೀನ ಅತ್ತೆ ಮನೇಲಿ ಯಾರೂ ಪ್ರಶ್ನೆ ಕೇಳಲ್ಲ. ಈ ಡಿಗ್ರಿ ತಗೊಂಡು ಹೋದ್ರೆ ದಿನಾ ಬೆಳಗಾದ್ರೆ ಕೇಳ್ತಾರೆ, ಇವತ್ತು ಮಳಿ ಬರ್ತತೇನು ಅಂತ" ಎಂದರು.

ಸಂಜೆ ಮನೆಗೆ ಬಂದು ಅಪ್ಪ ಇದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸುವಾಗ ಗಂಗಾಶ್ರೀಗೆ ಮೈಯೆಲ್ಲ ಉರಿಯುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳು ಗೋಣಿಚೀಲವನ್ನು ಜಗ್ಗಿ, ಬೆಳಕಿಗೆ ಹಿಡಿದು, ಮೂಸಿ ನೋಡಿ, ಬೇಡವೆಂದು ಬಿಸಾಕಿ ಹೋಗುವುದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಈಗ ಆ ಚೀಲದ ಜಾಗದಲ್ಲಿ ತಾನಿದ್ದಳು. ತಪಾಸಣೆ ಮಾಡುವವರಲ್ಲಿ ಒಬ್ಬರಿಗಾದರೂ ಆ ಶಾಸ್ತ್ರದ ಗಂಧಗಾಳಿ ಇಲ್ಲ. ಇಲ್ಲದಿರುವುದಕ್ಕೆ ಸಂಕೋಚವೂ ಇಲ್ಲ.

ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಏಳನೇ ಕ್ಲಾಸಿನಲ್ಲಿದ್ದಾಗ ಅಂಗಡಿಯ ಮುಂದೆ ಮಾದರಿಗೆಂದು ತೂಗುಹಾಕಿದ್ದ ನೀಲಿ ತಾಡಪಾಲನ್ನು ಅವಳು ಗಮನಿಸತೊಡಗಿದ್ದಳು. ಪಡುವಣ ಗಾಳಿಗೆ ಅದು ಒಳಮುಖವಾಗಿ ಉಬ್ಬಿದ ಎರಡು ದಿನಕ್ಕೆ ಅಂಬ್ಲಿಗೊಳದ ಕಡೆಯ ರೈತರು ತಾಡಪಾಲು ಕೇಳಿಕೊಂಡು ಬರುತ್ತಿದ್ದರು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟು ನೋಡಿದಳು. ಹದಿನೇಳು ಸಲದಲ್ಲಿ ಹನ್ನೆರಡು ಸಲ ಸರಿಹೋಗಿತ್ತು. ಆವತ್ತಿನ ಖುಷಿ ಅವಳಿಗೆ ಮತ್ತೆ ಯಾವುದರಲ್ಲೂ ಸಿಗಲಿಲ್ಲ. ಓದಿದರೆ ಇದನ್ನೇ ಓದಬೇಕು ಎಂದು ಅಂದೇ ಮನಸ್ಸಿಗೆ ಬಂದಿತ್ತು. ಕೆಲಸ ಇಲ್ಲವೆಂದೂ ಅಲ್ಲ. ಪರೀಕ್ಷೆ ಬರೆದು ಗೆದ್ದರೆ ಪುಣೆಯಲ್ಲೋ ದೆಹಲಿಯಲ್ಲೋ ವಿಮಾನ ನಿಲ್ದಾಣಗಳಲ್ಲೋ ಹುದ್ದೆಗಳಿವೆ, ವರ್ಷಕ್ಕೆ ಬೆರಳೆಣಿಕೆಯಷ್ಟು. ಅಷ್ಟೇ ಎಂಬುದನ್ನೂ ಅವಳು ಮನೆಯಲ್ಲಿ ಮುಚ್ಚಿಟ್ಟಿರಲಿಲ್ಲ.

ಸೀಟು ಸಿಕ್ಕಿದ್ದು ಬರೀ ಮಾರ್ಕ್ಸಿನಿಂದಲ್ಲ. ಬಿ.ಎಸ್ಸಿ. ಕೊನೆಯ ವರ್ಷ ಅವಳು ಒಂದು ಪ್ರಾಜೆಕ್ಟ್ ಮಾಡಿದ್ದಳು. ಆನವಟ್ಟಿ ಸೀಮೆಯಲ್ಲಿ ಹದಿನೈದು ವರ್ಷ ದಿನದಿನವೂ ಎಷ್ಟು ಮಳೆ ಬಿತ್ತು ಎಂಬ ಸರ್ಕಾರಿ ಅಂಕಿಗಳನ್ನು ಒಂದು ಬೇಸಿಗೆಯಿಡೀ ಕೂತು ನಕಲು ಮಾಡಿಕೊಂಡು, ಕೂಡಿ ಕಳೆದು, ಒಂದು ಸೋಜಿಗ ಕಂಡುಹಿಡಿದಿದ್ದಳು: ಅಲ್ಲಿ ಭಾನುವಾರ ಮಳೆ ಇಲ್ಲವೇ ಇಲ್ಲ. ಅಕ್ಕಿ ಗಿರಣಿಗಳಿಗೆ ಅಂದು ರಜೆ. ಹೊಗೆ, ಉಮಿಯ ಧೂಳು ಏಳದ ದಿನ ಮೋಡಕ್ಕೆ ಹನಿಗಟ್ಟಲು ಆಸರೆ ಸಿಗುವುದಿಲ್ಲ ಎಂದು ಕಾರಣವನ್ನೂ ಬರೆದಿದ್ದಳು. ಸಂದರ್ಶನದ ದಿನ ಅಲ್ಲಿಯ ಹಿರಿಯ ಪ್ರೊಫೆಸರು ಆ ಪುಟವನ್ನು ಎರಡು ಸಲ ಓದಿ, ಪಕ್ಕದವರಿಗೆ ದಾಟಿಸಿ, "ಇಪ್ಪತ್ತೊಂದು ವರ್ಷದ ಹುಡುಗಿಗೆ ಇದು ಹೊಳೆದಿದೆ" ಎಂದಿದ್ದರು. ಆ ಮಾತನ್ನು ಅವಳು ವಾಪಸು ಬರುವ ರೈಲಿನಲ್ಲಿ ನೂರು ಸಲ ನೆನಪಿಸಿಕೊಂಡಿದ್ದಳು.

ಹತ್ತು ಜನರಲ್ಲಿ ಹತ್ತನೆಯವರು ಸೋದರಮಾವ ವೀರಬಸಪ್ಪ. ತಾಯಿ ರಾಜೇಶ್ವರಮ್ಮನ ಅಣ್ಣ, ಆನವಟ್ಟಿಯಲ್ಲಿ ಬೀಜ–ಗೊಬ್ಬರದ ಅಂಗಡಿ. ಅವರ ಮಾತು ಮೀರಿ ಆ ಮನೆಯಲ್ಲಿ ಒಂದು ತೊಟ್ಟಿಲೂ ತೂಗುತ್ತಿರಲಿಲ್ಲ. ಕಾಗದವನ್ನು ಅವರು ಮಡಿಕೆ ಬಿಚ್ಚದೆಯೇ ಪಂಚಾಕ್ಷರಪ್ಪನವರ ಕೈಗೆ ಕೊಟ್ಟರು.

"ಕಾಗದ ನೋಡಿ ಏನ್ ತಿಳೀತತಿ? ಎಮ್ಮಿ ಕೊಳ್ಳೋಕೆ ಮುಂಚೆ ಹಾಲು ಕರೆದು ನೋಡ್ತೀವಲ್ಲ? ನಮ್ಮಲ್ಲಿ ಮಳಿ ಅಳೆಯೋ ಕೆಲಸದಾಗೆ ಹೊಸಬಾಳೆ ಲೋಕಪ್ಪ ಅಂತ ಅದಾನೆ. ಹದಿನಾರು ವರ್ಷದಿಂದ ಅದೇ ಕೆಲಸ. ಗುರುವಾರ ಹುಡುಗೀನ ಕರ್ಕೊಂಡು ಬಾ. ಆ ಕೆಲಸದ ಬಾಳು ಏನು ಅಂತ ಕಣ್ಣಾರೆ ನೋಡ್ಲಿ."

ಅದು ನನ್ನ ಓದಿಗೆ ಸಂಬಂಧಪಟ್ಟ ಕೆಲಸವಲ್ಲ, ಅಳೆದು ಬರೆಯುವುದು ಬೇರೆ, ಶಾಸ್ತ್ರ ಬೇರೆ ಎಂದು ಗಂಗಾಶ್ರೀ ಹೇಳಿ ನೋಡಿದಳು. "ಹೊಟ್ಟಿ ನೋವಿಗೆ ಡಾಕ್ಟ್ರು ಬೇರೆ, ಕಾಂಪೌಂಡ್ರು ಬೇರೆ ಅಂದಂಗಾತು. ಆಸ್ಪತ್ರೆ ಒಂದೇ ಅಲ್ಲೇನೇ?" ಎಂದರು ಅಪ್ಪ. ಆದರೂ ಅವಳಿಗೆ ಒಳಗೊಳಗೇ ಸಂತೋಷವಾಯಿತು. ಹದಿನೈದು ವರ್ಷದ ಆ ಅಂಕಿಗಳನ್ನು ದಿನಾ ಬೆಳಗ್ಗೆ ಎಂಟೂವರೆಗೆ ಅಳೆದು ಬರೆದ ಮನುಷ್ಯನನ್ನು ನೋಡಬಹುದಲ್ಲ! ಹೋಗುವಾಗ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡಳು.

ಕಚೇರಿ ಯಾವ ಇಲಾಖೆಯದು ಎಂದು ಹೇಳುವುದು ಬೇಡ; ಹೇಳಿದರೆ ಉಳಿದ ಇಲಾಖೆಗಳೆಲ್ಲ ಸಾಚಾ ಎಂದು ಸರ್ಟಿಫಿಕೇಟು ಕೊಟ್ಟಂತಾಗುತ್ತದೆ. ಹೆಂಚಿನ ಕಟ್ಟಡ, ಉದ್ದ ಜಗಲಿ. ಜಗಲಿಯ ಮೇಲೆ ಐದಾರು ಜನ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಲೋಕಪ್ಪ ಬೆಳ್ಳಗೆ ಒಗೆದ ಪಂಚೆಯುಟ್ಟ, ವಿಭೂತಿ ಹಚ್ಚಿದ, ನೋಡಿದರೆ ಕೈ ಮುಗಿಯಬೇಕು ಎನ್ನಿಸುವ ಮನುಷ್ಯ. ಬಾಳೆಹಣ್ಣನ್ನು ಎರಡೂ ಕೈಯಲ್ಲಿ ಈಸಿಕೊಂಡ.

"ಮಳೆ ಓದೋಕೆ ಹೋಗ್ತೀಯಂತೆ? ಒಳ್ಳೇದಾಯ್ತು ಮಾರಾಯ್ತಿ. ನಮ್ಮ ಕೆಲಸಕ್ಕೂ ಒಂದು ಮರ್ಯಾದೆ ಬಂತು."

"ಮಳೆಮಾಪಕ ಎಲ್ಲಿದೆ ಸರ್?" ಎಂದಳು ಗಂಗಾಶ್ರೀ. ಸರ್ ಎಂದಿದ್ದಕ್ಕೆ ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು.

ಅದು ಬಯಲಿನಲ್ಲಿ ಇರಲಿಲ್ಲ. ಜಗಲಿಯ ಮೂಲೆಯಲ್ಲಿ, ಕೂತವರಿಗೆ ಕೈಗೆಟುಕುವಂತೆ ಇತ್ತು. ತಲೆಯ ಮೇಲೆ ಹೆಂಚು. ಅವಳು ಬಗ್ಗಿ ನೋಡಿದಳು. ಒಳಗೆ ಮುಕ್ಕಾಲು ಪಾಲು ಕೆಂಪಗಿನ ಗಟ್ಟಿ ರಸ, ಮೇಲೆ ತೇಲುವ ಅಡಿಕೆ ಚೂರು, ಒಂದು ಬೀಡಿ ತುಂಡು, ಅಂಚಿಗೆ ಅಂಟಿಕೊಂಡ ನೊಣಗಳು. ಅವಳು ನೋಡುತ್ತಿರುವಾಗಲೇ ಒಬ್ಬ, "ಸ್ವಲ್ಪ ಸರಿಯಮ್ಮ" ಎಂದು ಮುಂದೆ ಬಾಗಿ ಪಿಚಕ್ಕೆಂದು ಉಗುಳಿದ. ಗಂಗಾಶ್ರೀ ಸೆರಗಿಲ್ಲದ ಚೂಡಿದಾರದ ತೋಳಿನಲ್ಲೇ ಬಾಯಿ ಮುಚ್ಚಿಕೊಂಡಳು.

"ಅಳತೆ ಗ್ಲಾಸು ಎಂಬತ್ತೊಂದನೇ ಇಸವೀಲಿ ಒಡೀತು," ಎಂದ ಲೋಕಪ್ಪ, ಯಾವುದೋ ಹಳೆಯ ನೆಂಟರ ಸಾವು ಹೇಳುವಷ್ಟು ಶಾಂತವಾಗಿ. "ಬರೆದು ಕಳಿಸಿದ್ದೆ, ಹೊಸದು ಬರ್ಲಿಲ್ಲ. ಡಬ್ಬಿ ಸುಮ್ನೆ ಬಿದ್ದಿತ್ತು. ಈ ಜನ ಗೋಡೆಗೆಲ್ಲ ಉಗುಳಿ ಗಲೀಜು ಮಾಡ್ತಿದ್ರು. ಇಲ್ಲಿಟ್ಟೆ ನೋಡು, ಅವತ್ತಿಂದ ಗೋಡೆ ಸ್ವಚ್ಛ ಅದೆ."

"ಮತ್ತೆ... ಮಳೆ ಹೇಗೆ ಬರೀತೀರಿ?"

ಲೋಕಪ್ಪ ಒಳಗೆ ಹೋಗಿ ರಿಜಿಸ್ಟರು ತಂದ. ಅದರೊಳಗೆ ಒಂದು ಪಂಚಾಂಗ ಇತ್ತು, ಅಂಚುಗಳಿಗೆ ಅರಿಶಿನ ಹಚ್ಚಿದ್ದು. ಮಗುವಿಗೆ ಮಗ್ಗಿ ಕಲಿಸುವ ಮೇಷ್ಟರಂತೆ ಬೆರಳಿಟ್ಟು ತೋರಿಸಿದ. ಒಂದೊಂದು ಮಳೆ ನಕ್ಷತ್ರಕ್ಕೂ ಪಂಚಾಂಗದಲ್ಲಿ ಫಲ ಬರೆದಿರುತ್ತದೆ. ಸಾಧಾರಣ ಎಂದಿದ್ದರೆ ಇಷ್ಟು, ಉತ್ತಮ ಎಂದಿದ್ದರೆ ಇಷ್ಟು ಎಂದು ಅವನೇ ಒಂದು ಲೆಕ್ಕ ಮಾಡಿಕೊಂಡಿದ್ದಾನೆ. ಅದನ್ನು ಹದಿಮೂರು ಹದಿನಾಲ್ಕು ದಿನಕ್ಕೆ ಹಂಚುತ್ತಾನೆ. ಒಂದೇ ಸಮ ಹಂಚುವುದಿಲ್ಲ. ಅಲ್ಲಲ್ಲಿ ಹೆಚ್ಚು ಕಡಿಮೆ ಮಾಡುತ್ತಾನೆ, ನೋಡಿದವರಿಗೆ ಮಳೆಯಂತೆ ಕಾಣಬೇಕಲ್ಲ. ಆವತ್ತು ಜುಲೈ ಹದಿನೆಂಟು. ರಿಜಿಸ್ಟರಿನಲ್ಲಿ ತಿಂಗಳ ಮೂವತ್ತೊಂದರವರೆಗೆ ಮಳೆ ಬಿದ್ದು ಮುಗಿದಿತ್ತು.

ಅವಳ ಕಣ್ಣು ಇಪ್ಪತ್ತೊಂದನೇ ತಾರೀಖಿನ ಮುಂದೆ ನಿಂತಿತು. ಸೊನ್ನೆ. ಇಪ್ಪತ್ತೆಂಟರ ಮುಂದೆಯೂ ಸೊನ್ನೆ. ಹಿಂದಕ್ಕೆ ಹೋದಳು. ಹದಿನಾಲ್ಕು, ಸೊನ್ನೆ. ಏಳು, ಸೊನ್ನೆ.

"ಭಾನುವಾರ?" ಎಂದಳು. ದನಿ ಅವಳದೇ ಅನ್ನಿಸಲಿಲ್ಲ.

"ಭಾನುವಾರ ಆಫೀಸಿಗೆ ರಜ ಅಲ್ವ ಮಾರಾಯ್ತಿ. ರಜದ ದಿನ ಅಳೆದೆ ಅಂತ ಬರೆದ್ರೆ ಸುಳ್ಳಾಗ್ತದೆ."

ಗಿರಣಿಯ ಹೊಗೆ, ಉಮಿಯ ಧೂಳು, ಹನಿಗಟ್ಟದ ಮೋಡ ಎಲ್ಲವೂ ಆ ಒಂದು ಮಾತಿಗೆ ತೊಪ್ಪನೆ ನೆಲಕ್ಕೆ ಬಿದ್ದವು. ಈ ಮುದುಕನ ವಾರದ ರಜೆಯನ್ನು ತಾನು ಪ್ರಕೃತಿಯ ನಿಯಮವೆಂದು ಬರೆದು, ಬೈಂಡು ಹಾಕಿಸಿ, ಬಂಗಾರದ ಅಕ್ಷರ ಒತ್ತಿಸಿ, ದೊಡ್ಡವರ ಕೈಗೆ ಕೊಟ್ಟು ಶಹಬ್ಬಾಸ್ ಅನ್ನಿಸಿಕೊಂಡಿದ್ದಳು. ಹದಿನೈದು ವರ್ಷದ ಸೊನ್ನೆಗಳು ಒಂದೇ ದಿನ ಸಾಲಾಗಿ ಬಂದಾಗ ಇಪ್ಪತ್ತು ಮೈಲಿ ದೂರದ ಆನವಟ್ಟಿಗೆ ಬಂದು ಒಂದು ಸಲ ನೋಡಬೇಕು ಅನ್ನಿಸಲಿಲ್ಲವಲ್ಲ ತನಗೆ! ಒಂದು ಭಾನುವಾರ ಇಲ್ಲಿ ನಿಂತಿದ್ದರೆ ತಲೆ ತೊಯ್ದು ತಿಳಿಯುತ್ತಿತ್ತು. ಡಬ್ಬಿಯ ಮೇಲಿನ ಹೇಸಿಗೆ ಈಗ ತನ್ನ ಮೇಲೂ ಸಿಡಿದಂತಾಯಿತು.

ಅಷ್ಟರಲ್ಲಿ ಜೊತೆಗೆ ಬಂದಿದ್ದ ವೀರಬಸಪ್ಪನವರು ಲೋಕಪ್ಪನ ಹೆಗಲ ಮೇಲೆ ಕೈಯಿಟ್ಟರು. "ಲೋಕಪ್ಪನೋರೆ, ಬರೆಯೋದೇ ಬರೀತೀರಿ. ಹೋದ ವರ್ಷ ಸ್ವಲ್ಪ ಕಡಿಮಿ ಬರೀರಿ ಅಂತ ನಾನು ಎಷ್ಟು ಸಲ ಬಂದೆ?"

ಲೋಕಪ್ಪ ನಿಜಕ್ಕೂ ನೊಂದುಕೊಂಡ. "ಸಾಹುಕಾರ್ರೆ, ಪಂಚಾಂಗದಲ್ಲಿ ಉತ್ತಮ ಅಂತ ಇರೋವಾಗ ಕಡಿಮೆ ಅಂತ ಹೆಂಗೆ ಬರೀಲಿ? ನನಗೂ ಮಕ್ಕಳು ಮರಿ ಇದಾವೆ. ಅಂಥಾ ಪಾಪದ ಕೆಲಸ ನನ್ನಿಂದ ಆಗೂದಿಲ್ಲ."

ಬಸ್ಸಿನಲ್ಲಿ ಗಂಗಾಶ್ರೀ ಕಿಟಕಿಯ ಪಕ್ಕ ಕೂತು ಬಾಯಿಯಲ್ಲಿ ಊರಿದ ನೀರನ್ನು ನುಂಗುತ್ತಲೇ ಬಂದಳು. ಪಂಚಾಕ್ಷರಪ್ಪನವರೂ ಶಿರಾಳಕೊಪ್ಪದವರೆಗೆ ಮಾತಾಡಲಿಲ್ಲ. ಸರಿ, ಮುಗಿಯಿತು, ಅಪ್ಪನಿಗೂ ಅಸಹ್ಯವಾಗಿದೆ, ಬೇಡ ಎನ್ನುತ್ತಾರೆ ಎಂದು ಅವಳು ಎದೆ ಗಟ್ಟಿ ಮಾಡಿಕೊಂಡಳು. ಪ್ರೊಫೆಸರಿಗೆ ನಿಜ ಬರೆದು ತಿಳಿಸಬೇಕು. ಬರೆದರೆ ಸೀಟು ಉಳಿಯುತ್ತದೆಯೇ? ಫೀಸು ಕಟ್ಟಿ, ಹೋಗಿ ಸೇರಿ, ಆಮೇಲೆ ಸಮಯ ನೋಡಿ ಹೇಳಿದರಾಯಿತು ಅಂದುಕೊಂಡಳು. ಹಾಗೆ ಅಂದುಕೊಂಡ ಮರುಗಳಿಗೆಯೇ ನಾಚಿಕೆಯಾಯಿತು, ಆದರೆ ಬೇರೆ ಏನನ್ನೂ ಅಂದುಕೊಳ್ಳಲಿಲ್ಲ.

ಶಿರಾಳಕೊಪ್ಪ ದಾಟಿದ ಮೇಲೆ ಅಪ್ಪ ಬಾಯಿಬಿಟ್ಟರು. ಅವರ ಮುಖ ಒಳ್ಳೆಯ ಮಾಲು ಕಮ್ಮಿಗೆ ಸಿಕ್ಕಿದಾಗ ಇರುವಂತಿತ್ತು.

"ಎಂಥಾ ನೌಕರಿ ಅಲ್ಲೇನೇ! ಬಿಸಿಲಿಲ್ಲ, ಮಳಿ ಇಲ್ಲ. ತಿಂಗಳಿಗೊಂದು ಸಲ ಬರೆದ್ರೆ ಮುಗೀತು. ಬಾಣಂತಿ ಕೋಣೇಲಿ ಕುಂತ್ಕೊಂಡೂ ಮಾಡಬಹುದು. ಅವನು ಬರೇ ಎಸ್ಸೆಲ್ಸಿ. ನೀನು ಎಂ.ಎಸ್ಸಿ. ಮಾಡಿದ್ರೆ ಅವನ ಮೇಲೆ ಕುಂತ್ಕೋತೀ."

ಗಂಗಾಶ್ರೀ ಅಪ್ಪನ ಮುಖ ನೋಡಿದಳು. ತಮಾಷೆಯಲ್ಲ. ಬೆಳಗಿನಿಂದ ತನಗೆ ವಾಕರಿಕೆ ತರಿಸಿದ್ದೇ ಅಪ್ಪನಿಗೆ ಆ ಓದಿನ ಬೆಲೆಯಾಗಿ ಕಂಡಿತ್ತು.

ಶನಿವಾರ ಮಧ್ಯಾಹ್ನ ವೀರಬಸಪ್ಪನವರು ರಾಜ್‌ದೂತ್ ಬೈಕಿನಲ್ಲಿ ಊಟಕ್ಕೇ ಬಂದರು. ರಾಜೇಶ್ವರಮ್ಮ ಅಣ್ಣನಿಗೆಂದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದ್ದರು. ವೀರಬಸಪ್ಪನವರು ಎರಡು ರೊಟ್ಟಿ ಮುಗಿಸಿದರು. ಆಮೇಲೆ ಬೆರಳು ನೆಕ್ಕಿ, "ಹುಡುಗಿ ಓದ್ಲಿ ಪಂಚಾಕ್ಷರಿ. ಅರ್ಧ ದುಡ್ಡು ನಾನು ಹಾಕ್ತೀನಿ" ಎಂದರು.

ಪಂಚಾಕ್ಷರಪ್ಪನವರು ತುತ್ತನ್ನು ಕೈಯಲ್ಲೇ ಹಿಡಿದರು. "ನೀವ್ಯಾಕೆ ಭಾವ?"

"ಯಾಕಂದ್ರೆ, ಮಳಿ ಕಡಿಮಿ ಅಂತ ಪಟ್ಟಿ ಹೋದ್ರೆ ತಾಲ್ಲೂಕು ಬರ ಅಂತ ಆಗ್ತತಿ. ಬರ ಅಂತ ಆದ್ರೆ ಬೀಜ ಸರ್ಕಾರದ್ದು, ಹಂಚೋದು ನಮ್ಮ ಅಂಗಡಿ. ಒಂದು ಸೊನ್ನಿ ಅತ್ಲಾಗೆ ಇತ್ಲಾಗೆ ಮಾಡಿದ್ರೆ ಸಾಕು. ಆ ಲೋಕಪ್ಪ ಪಂಚಾಂಗ ಬಿಟ್ಟು ಕದಲಲ್ಲ, ಭಾಳ ನಿಯತ್ತಿನ ಮನ್ಷ. ನಮ್ಮ ಹುಡುಗಿ ಕೈಯಾಗೆ ಪೆನ್ನಿದ್ರೆ ಮನೆ ಮಾತು ಮನೆಯಾಗೇ ಇರ್ತತಿ."

ಮೊಸರು ಬಡಿಸುತ್ತಿದ್ದ ಗಂಗಾಶ್ರೀಗೆ ಕೋಪಕ್ಕಿಂತ ಜಿಗುಪ್ಸೆ ಮುಂದಾಗಿ ಬಂತು. ಈ ಮನುಷ್ಯ ಬರಕ್ಕೆ ಹೆದರುವುದಿಲ್ಲ, ಬರ ಬೇಕು ಎನ್ನುತ್ತಾನೆ. ಅದನ್ನೂ ರೊಟ್ಟಿಯ ಜೊತೆ ಉಪ್ಪಿನಕಾಯಿ ಕೇಳಿದಷ್ಟು ಸಲೀಸಾಗಿ ಕೇಳುತ್ತಾನೆ. ಇದನ್ನು ಇಲ್ಲಿಗೇ ಮುಗಿಸಬೇಕೆಂದು ಅವಳು ಖಂಡಿತವಾಗಿ ಹೇಳಿದಳು:

"ಮಾವ, ಎಂ.ಎಸ್ಸಿ. ಮಾಡಿದವರನ್ನ ಆನವಟ್ಟಿಗೆ ಹಾಕಲ್ಲ. ನಮ್ಮನ್ನ ಪುಣೆ, ದೆಹಲಿ ಅಂತ ದೊಡ್ಡ ಆಫೀಸಿಗೆ ಹಾಕ್ತಾರೆ. ಕೆಲಸ ಸಿಗುತ್ತೆ ಅಂತಾನೂ ಗ್ಯಾರಂಟಿ ಇಲ್ಲ."

ವೀರಬಸಪ್ಪನವರ ಕಣ್ಣು ಅರಳಿತು. "ದೊಡ್ಡ ಆಫೀಸಾ? ಅಲ್ಲಿಗೆ ಎಲ್ಲಾ ತಾಲ್ಲೂಕಿನ ಲೆಕ್ಕಾನೂ ಬರ್ತತೇನು?"

"ಬರುತ್ತೆ."

"ಮತ್ತಿನ್ನೇನು! ಇಲ್ಲಿದ್ರೆ ಒಂದು ಡಬ್ಬಿ. ಅಲ್ಲಿದ್ರೆ ಇಡೀ ಜಿಲ್ಲೆ." ಅವರು ಎಡಗೈಯಿಂದ ಪಕ್ಕದಲ್ಲಿಟ್ಟಿದ್ದ ಚೀಲವನ್ನು ಹತ್ತಿರ ಎಳೆದುಕೊಂಡರು. "ಒಂದೇ ಮಾತು ಹೇಳು ಮಗಳೇ. ಮುಂದೆ ಮಾವ ಕೇಳಿದಾಗ ಅಷ್ಟು ತಿದ್ದಿ ಕೊಡ್ತೀ ಹೌದಲ್ಲೋ? ಇಲ್ಲಾಂದ್ರೆ ಬಿ.ಎಡ್. ಐತಿ, ಶಿವಮೊಗ್ಗದಾಗೇ ಐತಿ."

ಪಂಚಾಕ್ಷರಪ್ಪನವರು ಮಗಳತ್ತ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ರಾಜೇಶ್ವರಮ್ಮ ಬಂದು ನಿಂತರು. ಇಪ್ಪತ್ತೈದಕ್ಕೆ ಇನ್ನು ಐದೇ ದಿನ. ಅಂಚೆಗೆ ಮೂರು ದಿನ ಬೇಕು, ಸೋಮವಾರ ಡಿ.ಡಿ. ತೆಗೆಸದಿದ್ದರೆ ಸೀಟಿಲ್ಲ. ಆಗುವುದಿಲ್ಲ ಮಾವ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು: ಶಿವಮೊಗ್ಗ, ಬಿ.ಎಡ್., ಯಾವುದೋ ಹೈಸ್ಕೂಲಿನಲ್ಲಿ ಜೀವನವಿಡೀ ಸೀಮೆಸುಣ್ಣ.

"ಹೂಂ ಮಾವ. ಕೊಡ್ತೀನಿ."

ಎಷ್ಟು ಸುಲಭವಾಗಿ ಬಂತು ಆ ಮಾತು! ವೀರಬಸಪ್ಪನವರು "ಜಾಣೆ" ಎಂದು ಚೀಲದಿಂದ ನೋಟಿನ ಕಟ್ಟು ತೆಗೆದು ತಟ್ಟೆಯ ಪಕ್ಕ ಇಟ್ಟರು. ಪಂಚಾಕ್ಷರಪ್ಪನವರು ಹೆಂಡತಿಯ ಕಡೆ ತಿರುಗಿ, "ನೋಡ್ದೇನೇ, ಹತ್ತು ಜನಾನ ವಿಚಾರಿಸಿದ್ದು ಎಷ್ಟು ಒಳ್ಳೇದಾತು" ಎಂದರು.

ಗಂಡಸರು ಜಗಲಿಗೆ ಹೋದ ಮೇಲೆ ಗಂಗಾಶ್ರೀ ತಟ್ಟೆಗಳನ್ನು ಹಿತ್ತಲಿಗೆ ತಂದು ತಿಕ್ಕತೊಡಗಿದಳು. ರಾಜೇಶ್ವರಮ್ಮ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಅಣ್ಣನ ಅಂಗಡಿಯ ವ್ಯವಹಾರ ಅವರಿಗೆ ಹೊಸದಲ್ಲ. ಮಗಳೂ ಅದರಲ್ಲಿ ಪಾಲುದಾರಳಾದಳಲ್ಲ ಎಂಬುದಷ್ಟೇ ಹೊಸದು.

"ದುಡ್ಡಿಗೋಸ್ಕರ ಹೂಂ ಅಂದಿ, ಹೌದಿಲ್ಲ?" ಎಂದರು ಮೆಲ್ಲಗೆ. "ನಾಳೆ ನಿಜವಾಗ್ಲೂ ಹಂಗ್ ತಿದ್ದಲ್ಲ ತಾನೆ?"

ಛೆ, ಇಲ್ಲವ್ವ ಎನ್ನಲು ಗಂಗಾಶ್ರೀ ತಲೆಯೆತ್ತಿದಳು. ಆದರೆ ಅರ್ಧ ಓದಿಸಿದ ಮಾವ ಒಂದು ದಿನ ಪುಣೆಗೆ ಬಂದು ಎದುರಿಗೆ ಕೂತು ಕೇಳಿದರೆ, ಅಪ್ಪನೂ ಪಕ್ಕದಲ್ಲಿದ್ದರೆ, ಬರೀ ಒಂದು ಸೊನ್ನೆಯ ವಿಷಯವಾದರೆ ಎಂದೆಲ್ಲ ತಲೆ ಲೆಕ್ಕ ಹಾಕತೊಡಗಿತ್ತು. ಇದಕ್ಕೂ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ಹೊಳೆದಾಗ, ಆನವಟ್ಟಿಯ ಜಗಲಿಯಲ್ಲಿ ಆದದ್ದಕ್ಕಿಂತ ಹೆಚ್ಚಿನ ಹೇಸಿಗೆ ಅವಳಿಗೆ ತನ್ನ ಬಗ್ಗೆಯೇ ಆಯಿತು.

ರಾಜೇಶ್ವರಮ್ಮ ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಬೂದಿ ಹಚ್ಚಿ ತಿಕ್ಕುತ್ತಾ, ಅವಳ ಮುಖ ನೋಡದೆ ಹೇಳಿದರು:

"ಇಲ್ಲ ಅನ್ನೇ. ಸುಳ್ಳಾದ್ರೂ ಚಿಂತಿಲ್ಲ, ನನಗೆ ಇಲ್ಲ ಅಂತ ಒಂದು ಮಾತು ಹೇಳು."

"ಇಲ್ಲವ್ವ," ಎಂದಳು ಗಂಗಾಶ್ರೀ.